ಕಾಲೇಜು ಆಮೇಲೆ, ಮೊದಲು ಸಭೆ ಯಾವುದು ಹೇಳಿ

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತಂದೆ ತೀರಿಕೊಂಡ ಮೇಲೆ ಮನೆಯ ಜವಾಬ್ದಾರಿ ನನ್ನದೇ. ತಂಗಿ ಈ ವರ್ಷ ಬಿ.ಎ. ಮುಗಿಸಿದಳು. ಬಿ.ಇಡಿ. ಮಾಡಿ ಶಿಕ್ಷಕಿಯಾಗಲಿ ಎಂದು ನಮ್ಮ ಆಸೆ. ಅವಳು ದೇವರ ಸೇವೆಗೇ ಹೋಗುತ್ತೇನೆ, ಬೈಬಲ್ ಕಾಲೇಜಿಗೆ ಸೇರಿಸು ಎಂದು ಹಟ ಹಿಡಿದಿದ್ದಾಳೆ. ನಾವು ಕ್ರೈಸ್ತರು, ಹೋಗುವುದು ಯಾವ ದೊಡ್ಡ ಪಂಗಡಕ್ಕೂ ಸೇರದ ಒಂದು ಸ್ವತಂತ್ರ ಸಭೆಗೆ (ಚರ್ಚಿಗೆ). ನಮ್ಮ ಪಾಸ್ಟರರು, ತಮಗೆ ಪರಿಚಯದ ಕಾಲೇಜೊಂದರಲ್ಲಿ ಒಂದೇ ವರ್ಷಕ್ಕೆ ದೈವಶಾಸ್ತ್ರದ ಪದವಿ, ಇನ್ನೊಂದು ವರ್ಷ ಇದ್ದರೆ ಡಾಕ್ಟರೇಟ್ ಕೊಡುತ್ತಾರೆ, ಅಲ್ಲಿಗೆ ಸೇರಿಸಿ ಎನ್ನುತ್ತಾರೆ. ಬಳ್ಳಾರಿಯಲ್ಲಿರುವ ನಮ್ಮ ಸೋದರತ್ತೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಮಂಗಳೂರಿಗೆ ಕಳಿಸು ಎನ್ನುತ್ತಾರೆ. ಬೆಂಗಳೂರೇ ಒಳ್ಳೆಯದು ಎನ್ನುವವರೂ ಇದ್ದಾರೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಯಾವ ಕಾಲೇಜಿಗೆ ಸೇರಿಸಲಿ? ಆ ಪದವಿಗೆ ಬೆಲೆ ಇದೆಯೇ? ಓದಿದ ಮೇಲೆ ಹೆಣ್ಣುಮಗಳಿಗೆ ಪಾಸ್ಟರಾಗಿ ನಡೆಸಲು ಸಭೆ ಕೊಡುತ್ತಾರೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಕಾಲೇಜಿನ ಮಾತು ಮೂರು ಕಡೆ ಬಂದಿದೆ. ತಂಗಿ ಮುಂದೆ ಯಾವ ಸಭೆಯಲ್ಲಿ ಸೇವೆ ಮಾಡಬೇಕೆಂದಿದ್ದಾಳೆ ಎಂಬ ಮಾತು ಎಲ್ಲೂ ಇಲ್ಲ. ಇದು ನಿಮ್ಮೊಬ್ಬರ ತಪ್ಪೇನಲ್ಲ. ಇಪ್ಪತ್ತೈದು ವರ್ಷ ದೈವಶಾಸ್ತ್ರ ಕಲಿಸಿ ಈಗ ರಾಯಚೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಸಲಹೆ ಕೇಳಲು ಬರುವವರು ಬಹುತೇಕ ಎಲ್ಲರೂ ಕಾಲೇಜಿನಿಂದಲೇ ಮಾತು ತೆಗೆಯುತ್ತಾರೆ. ಹೊಲ ಎಲ್ಲಿದೆ, ಕೆಂಪು ಮಣ್ಣೋ ಎರೆಯೋ ಎಂದು ನೋಡದೆ ಬೀಜದ ಅಂಗಡಿಗೆ ಹೋದ ಹಾಗೆ.

ನೀವು ಕೊಪ್ಪಳ ಸೀಮೆಯವರು, ಮಠಗಳ ನಡುವೆ ಬೆಳೆದವರು. ಹಾಗಾಗಿ ಒಂದು ಹೋಲಿಕೆ ಹೇಳುತ್ತೇನೆ. ಬಾದಾಮಿ ಹತ್ತಿರದ ಶಿವಯೋಗಮಂದಿರ 1909ರಲ್ಲಿ ಆರಂಭವಾಯಿತು. ವಟುಗಳು ಅಲ್ಲಿ ವರ್ಷಗಟ್ಟಲೆ ಓದುತ್ತಾರೆ. ಓದಿದ ಮಾತ್ರಕ್ಕೆ ಯಾರೂ ಮಠಾಧೀಶರಾಗುವುದಿಲ್ಲ. ಒಂದು ಮಠ ಕರೆಯಬೇಕು, ಭಕ್ತರು ಒಪ್ಪಬೇಕು, ಪಟ್ಟ ಕಟ್ಟಬೇಕು. ನಮ್ಮಲ್ಲೂ ಲೆಕ್ಕ ಅದೇ. ಪದವಿ ಕೊಡುವುದು ಕಾಲೇಜು. ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವುದು, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸುವ, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಬಡಿಸುವ ಅಧಿಕಾರ ಕೊಡುವುದು ಸಭೆ. ಸಭೆ ಕಳಿಸದೆ ಕಾಲೇಜಿಗೆ ಹೋದವರು ಪದವಿ ಹಿಡಿದುಕೊಂಡು ಬಂದು ನಡುದಾರಿಯಲ್ಲಿ ನಿಲ್ಲುತ್ತಾರೆ.

ಅಂಥವನೊಬ್ಬ ನನ್ನ ಕೈಯಲ್ಲೇ ಓದಿದ. ಸಿಂಧನೂರು ಕಡೆಯ ಹುಡುಗ. ಗ್ರೀಕ್ ಭಾಷೆಯಲ್ಲಿ ತರಗತಿಗೇ ಮೊದಲಿಗ. ಊರಿನ ಸ್ವತಂತ್ರ ಸಭೆಯಿಂದ, ಯಾರ ಶಿಫಾರಸೂ ಇಲ್ಲದೆ, ಸ್ವಂತ ಖರ್ಚಿನಲ್ಲಿ ಬಂದಿದ್ದ. ನಾಲ್ಕು ವರ್ಷ ಓದಿ ಮರಳುವಷ್ಟರಲ್ಲಿ ಆ ಸಭೆಯ ಪಾಸ್ಟರು ತಮ್ಮ ಮಗನನ್ನೇ ಉತ್ತರಾಧಿಕಾರಿಯಾಗಿ ನಿಲ್ಲಿಸಿಯಾಗಿತ್ತು. ಬೇರೆ ಸಭೆಗಳ ಬಾಗಿಲು ಬಡಿದರೆ "ನೀನು ನಾವು ಕಳಿಸಿದ ಅಭ್ಯರ್ಥಿಯಲ್ಲ" ಎಂದರು. ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಭಾನುವಾರ ಕರೆದವರ ಮನೆಯಲ್ಲಿ ಪ್ರಾರ್ಥನೆ ನಡೆಸುತ್ತಾನೆ. ಸುಖವಾಗಿಯೇ ಇದ್ದಾನೆ ಅನ್ನಿ. ಆದರೆ ಅವನನ್ನು ಸೇರಿಸಿಕೊಳ್ಳುವ ದಿನ ಆ ಒಂದು ಪ್ರಶ್ನೆಯನ್ನು ನಾನೂ ಕೇಳಲಿಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಮೊದಲು ನಮ್ಮ ಸೀಮೆಯ ಸಭೆಗಳ ನಕ್ಷೆ. ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದರು. ಬೈಬಲ್ ಪೂರ್ತಿಯಾಗಿ ಮೊದಲು ಕನ್ನಡಕ್ಕೆ ಬಂದದ್ದು ಅವರು ಅಲ್ಲಿ ಕುಳಿತು ನಡೆಸಿದ ಕೆಲಸದಿಂದ. ಆ ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಬ್ರಿಟಿಷ್ ಮೆಥೋಡಿಸ್ಟರು ಮುಂತಾದವರೊಂದಿಗೆ ಸೇರಿ ದಕ್ಷಿಣ ಭಾರತ ಸಭೆಯಾದವು. ನಿಮ್ಮ ಸೋದರತ್ತೆ ಹೋಗುವ ಸಿ.ಎಸ್.ಐ. ಅದೇ. ರಾಯಚೂರು, ಕಲಬುರಗಿ, ಬೀದರ್ ಕಡೆ ಕೆಲಸ ಮಾಡಿದವರು ಅಮೆರಿಕದ ಮೆಥೋಡಿಸ್ಟರು. ಅವರು ಆ ಐಕ್ಯಕ್ಕೆ ಸೇರಲಿಲ್ಲ, ಬೇರೆಯಾಗಿಯೇ ಉಳಿದರು. ಆದ್ದರಿಂದ ಬಳ್ಳಾರಿಯ ಸಿ.ಎಸ್.ಐ. ಕುಟುಂಬ, ರಾಯಚೂರಿನ ಮೆಥೋಡಿಸ್ಟ್ ಕುಟುಂಬ ಒಂದೇ ಕೀರ್ತನೆ ಹಾಡಿದರೂ ಅವರ ಪಾಸ್ಟರರನ್ನು ಆರಿಸುವ ಕಚೇರಿಗಳು ಬೇರೆ ಬೇರೆ. ಕಥೋಲಿಕರಿಗೆ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರವಿದೆ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆ. ರಾಯಚೂರು, ಕೊಪ್ಪಳ ಎರಡೂ ಅದರೊಳಗೇ ಬರುತ್ತವೆ. ಇವುಗಳಾಚೆ ಪೆಂಟೆಕೋಸ್ಟ್ ಮತ್ತು ಸ್ವತಂತ್ರ ಸಭೆಗಳು, ಊರಿಗೊಂದರಂತೆ, ಕೆಲವೆಡೆ ಓಣಿಗೊಂದರಂತೆ.

ಕಥೋಲಿಕರ ದಾರಿ ನಿಮ್ಮ ತಂಗಿಗೆ ಸಂಬಂಧಿಸಿದ್ದಲ್ಲ, ಬೇರೆ ಓದುಗರಿಗಾಗಿ ಎರಡು ಮಾತು. ಅಲ್ಲಿ ಯಾರೂ ನೇರವಾಗಿ ಗುರುಮಠಕ್ಕೆ (ಸೆಮಿನರಿಗೆ) ಅರ್ಜಿ ಹಾಕಿ ಗುರುಗಳಾಗುವಂತಿಲ್ಲ. ಧರ್ಮಕ್ಷೇತ್ರವೋ ಒಂದು ಸಂನ್ಯಾಸಿ ಸಂಘವೋ ಅಭ್ಯರ್ಥಿಯನ್ನು ಸ್ವೀಕರಿಸಿ ಕಳಿಸಬೇಕು. ತತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು ವರ್ಷ ಕಡಿಮೆಯಾಗುವಂತಿಲ್ಲ. ಸಿದ್ಧತೆಯ ವರ್ಷಗಳು ಬೇರೆ. ಇಪ್ಪತ್ತೈದು ತುಂಬದೆ ಗುರುದೀಕ್ಷೆ ಇಲ್ಲ. ಮಂಗಳೂರಿನ ಜೆಪ್ಪು ಸೆಮಿನರಿ 1879ರದು. ಬೆಂಗಳೂರಿನಲ್ಲಿ ಮಲ್ಲೇಶ್ವರದ ಸೇಂಟ್ ಪೀಟರ್ಸ್ ಇದೆ, ಬೇರೆ ಕಡೆ ಧರ್ಮಾರಾಮ್ ಇದೆ. ಹೆಣ್ಣುಮಕ್ಕಳು ಅಲ್ಲಿ ಕನ್ಯಾಸ್ತ್ರೀಯರಾಗಬಹುದು, ದೈವಶಾಸ್ತ್ರವನ್ನೂ ಓದಬಹುದು. ಬಲಿಪೂಜೆ ಅರ್ಪಿಸುವ ಗುರುವಾಗುವಂತಿಲ್ಲ.

ಇನ್ನು ಸಿ.ಎಸ್.ಐ. ಇಲ್ಲಿ ಅಭ್ಯರ್ಥಿ ಮೊದಲು ಒಂದು ಸಭೆಯ ಸದಸ್ಯೆಯಾಗಿ ಕೆಲಸ ಮಾಡಿ ಕಾಣಿಸಿಕೊಂಡಿರಬೇಕು. ಸಭಾಪಾಲಕರು ಮತ್ತು ಸಭಾ ಸಮಿತಿ ಶಿಫಾರಸು ಬರೆಯುತ್ತಾರೆ, ಬಿಷಪ್ಪರ ಕಚೇರಿಯಲ್ಲಿ ಸಂದರ್ಶನ ನಡೆಯುತ್ತದೆ, ಆಯ್ಕೆಯಾದರೆ ಸಭೆಯೇ ತನ್ನ ಅಭ್ಯರ್ಥಿ ಎಂದು ಕಾಲೇಜಿಗೆ ಕಳಿಸುತ್ತದೆ. ಓದು ಮುಗಿದ ಮೇಲೆ ಹಳ್ಳಿಯ ಸಭೆಯೊಂದರಲ್ಲಿ ಪರೀಕ್ಷಾವಧಿ, ಆಮೇಲೆ ಡೀಕನ್ ಎಂಬ ಮೊದಲ ಹಂತದ ದೀಕ್ಷೆ, ಕೊನೆಗೆ ಪ್ರೆಸ್ಬಿಟರ್, ಅಂದರೆ ಪೂರ್ಣ ಪಾಸ್ಟರ್. ಮೆಥೋಡಿಸ್ಟರಲ್ಲಿ ಸ್ಥಳೀಯ ಸಭೆ, ಜಿಲ್ಲಾ ಕಾನ್ಫರೆನ್ಸ್, ಪ್ರಾದೇಶಿಕ ಕಾನ್ಫರೆನ್ಸ್ ಎಂದು ಮೆಟ್ಟಿಲುಗಳ ಹೆಸರು ಬೇರೆ, ಹತ್ತುವ ಕಷ್ಟ ಒಂದೇ. ಸ್ವತಂತ್ರ ಸಭೆಗಳಲ್ಲಿ ಮೆಟ್ಟಿಲುಗಳೇ ಇಲ್ಲ. ಸ್ಥಾಪಕರು ಹೂಂ ಎಂದರೆ ನಾಳೆಯೇ ದೀಕ್ಷೆ, ಉಹೂಂ ಎಂದರೆ ಜೀವಮಾನವಿಡೀ ಇಲ್ಲ. ಅವರಲ್ಲಿ ಪ್ರಾಮಾಣಿಕರು ಬೇಕಾದಷ್ಟು ಜನರಿದ್ದಾರೆ. ಕೈಯಿಂದ ಹಣ ಹಾಕಿ, ಸೈಕಲ್ ತುಳಿದು, ಯಾರೂ ಹೋಗದ ಕೇರಿಗೆ ಹೋಗಿ ಸಭೆ ಕಟ್ಟಿದವರನ್ನು ನಾನು ಬಲ್ಲೆ. ಆದರೂ ಹೆಣ್ಣುಮಗಳ ಭವಿಷ್ಯ ಒಬ್ಬರ ಮನಸ್ಸಿನ ಮೇಲೆ ನಿಂತಿದೆ ಎಂದಾದರೆ ಅಣ್ಣನಾದವನು ಎರಡು ಸಲ ಯೋಚಿಸಬೇಕು.

ಹೆಣ್ಣುಮಕ್ಕಳಿಗೆ ಸಭೆ ಕೊಡುತ್ತಾರೆಯೇ ಎಂದಿರಿ. ಸಿ.ಎಸ್.ಐ.ನಲ್ಲೂ ಮೆಥೋಡಿಸ್ಟರಲ್ಲೂ ಮಹಿಳೆಯರಿಗೆ ದೀಕ್ಷೆ ಇದೆ. ದೂರ ಹೋಗಬೇಕಿಲ್ಲ, ರಾಯಚೂರಿನ ಗಡಿ ದಾಟಿದರೆ ಸಿಗುವ ಕರ್ನೂಲು ಸೀಮೆಯ ನಂದ್ಯಾಲ ಧರ್ಮಪ್ರಾಂತ್ಯಕ್ಕೆ 2013ರಲ್ಲಿ ಎಗ್ಗೋಣಿ ಪುಷ್ಪಲಲಿತಾ ಬಿಷಪ್ ಆದರು, ಸಿ.ಎಸ್.ಐ. ಇತಿಹಾಸದಲ್ಲೇ ಮೊದಲ ಮಹಿಳಾ ಬಿಷಪ್. ಕಾನೂನಿನಲ್ಲಿ ಬಾಗಿಲು ತೆರೆದಿದೆ. ಮನಸ್ಸಿನಲ್ಲಿ ತೆರೆದಿದೆಯೇ ಎಂದರೆ, ಅದು ಸಭೆಯಿಂದ ಸಭೆಗೆ ಬೇರೆ. ಮದುವೆಗೆ, ಶವಸಂಸ್ಕಾರಕ್ಕೆ "ಅಯ್ಯನವರೇ ಬರಲಿ" ಎನ್ನುವ ಹಿರಿಯರು ಇನ್ನೂ ಇದ್ದಾರೆ. ಸಾಯುತ್ತಿರುವ ಅತ್ತೆಯ ಪಕ್ಕ ಕೂರಲು ಪಾಸ್ಟರಮ್ಮನೇ ಬೇಕು ಎಂದು ನಡುರಾತ್ರಿ ಹೇಳಿ ಕಳಿಸುವವರೂ ಅದೇ ಮನೆಯವರೇ. ನಿಮ್ಮ ಈಗಿನ ಸಭೆಯ ನಿಲುವು ಏನು ಎಂಬುದನ್ನು ಪಾಸ್ಟರರ ಮುಂದೆ ಕುಳಿತು ನೇರವಾಗಿ ಕೇಳಿ: "ನಮ್ಮ ಹುಡುಗಿ ಓದಿ ಬಂದರೆ ಭಾನುವಾರ ಪ್ರಸಂಗ (ಉಪದೇಶ) ಮಾಡಬಹುದೇ? ಕರ್ತನ ಭೋಜನ ನಡೆಸಬಹುದೇ?" ಭಾನುವಾರ ಶಾಲೆ, ಸ್ತ್ರೀಯರ ಕೂಟ ನೋಡಿಕೊಳ್ಳಲಿ ಎಂಬ ಉತ್ತರ ಬಂದರೆ ಅದನ್ನೂ ತಂಗಿಗೆ ಇದ್ದಂತೆಯೇ ತಿಳಿಸಿ. ಅವಳಿಗೆ ಅದೇ ಸಾಕು ಎನಿಸಿದರೆ ಅದು ಅವಳ ಆಯ್ಕೆ.

ಈಗ ಪದವಿಯ ಬೆಲೆ. ಇದರ ಕಥೆ ಕೇಳಲು ಚೆನ್ನಾಗಿದೆ. ಕಲ್ಕತ್ತಾದ ಹತ್ತಿರ ಶ್ರೀರಾಂಪುರ ಎಂಬ ಊರು ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು. ಇಂಗ್ಲೆಂಡಿನ ಮಿಷನರಿಗಳಾದ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಸೇರಿ 1818ರಲ್ಲಿ ಅಲ್ಲಿ ಕಾಲೇಜು ತೆರೆದರು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡ್ರಿಕ್ ಅದಕ್ಕೆ ಪದವಿ ಕೊಡುವ ಸನ್ನದು ಬರೆದುಕೊಟ್ಟ. 1918ರಲ್ಲಿ ಬಂಗಾಳದ ಶಾಸನಸಭೆ ಕಾಯ್ದೆ ಮಾಡಿ ಆ ಅಧಿಕಾರವನ್ನು ಗಟ್ಟಿಮಾಡಿತು. (ಅಂದ ಹಾಗೆ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದೂ ಅದೇ ಊರಿನಲ್ಲಿ, ಬಂಗಾಳದ ಆ ಊರು ನಮಗೆ ಪೂರ್ತಿ ಪರಕೀಯವಲ್ಲ.) ಇವತ್ತು ದೇಶದ ಹಳೆಯ ಪ್ರೊಟೆಸ್ಟಂಟ್ ಕಾಲೇಜುಗಳಲ್ಲಿ ಬಹಳಷ್ಟು ಈ ಶ್ರೀರಾಂಪುರದ ಪದವಿ ಕೊಡುವ ಮಂಡಳಿಗೆ, ಅಂದರೆ ಸೆನೆಟ್‌ಗೆ ಸೇರಿವೆ. ಸಿ.ಎಸ್.ಐ., ಮೆಥೋಡಿಸ್ಟ್ ಸಭೆಗಳು ಪಾಸ್ಟರರ ನೇಮಕಕ್ಕೆ ನೋಡುವುದು ಈ ಸೆನೆಟ್ಟಿನ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಯನ್ನು. ನಿಮ್ಮ ತಂಗಿಯಂತೆ ಪದವಿ ಮುಗಿಸಿದವರಿಗೆ ಅದು ಸಾಮಾನ್ಯವಾಗಿ ನಾಲ್ಕು ವರ್ಷದ ಓದು.

ಇದಲ್ಲದೆ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಎಂಬ ಇನ್ನೊಂದು ಒಕ್ಕೂಟವಿದೆ, 1970ರಲ್ಲಿ ಶುರುವಾದದ್ದು. ಬೆಂಗಳೂರಿನ ಸಯಾಕ್ಸ್‌ನಂಥ ಸುವಾರ್ತಾ (ಇವಾಂಜೆಲಿಕಲ್) ಪಂಥದ ಕಾಲೇಜುಗಳು, ಪೆಂಟೆಕೋಸ್ಟ್ ಕಾಲೇಜುಗಳು ಅದರ ಮಾನ್ಯತೆ ಪಡೆಯುತ್ತವೆ. ಓದಿನ ಗುಣಮಟ್ಟ ಹಲವೆಡೆ ಚೆನ್ನಾಗಿದೆ. ಆದರೆ ಅದು ಸಭೆಗಳ ನಡುವಿನ ಮಾನ್ಯತೆ, ಸರ್ಕಾರದ್ದಲ್ಲ. ಯಾವ ದೈವಶಾಸ್ತ್ರ ಪದವಿಯನ್ನೂ ಸರ್ಕಾರಿ ನೌಕರಿಯ ಲೆಕ್ಕ ಹಾಕಿ ಓದಿಸಬೇಡಿ. ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಲು ಬಿ.ಇಡಿ. ಬೇಕೇ ಬೇಕು, ಬಿ.ಡಿ. ಅದರ ಜಾಗಕ್ಕೆ ನಿಲ್ಲುವುದಿಲ್ಲ. ನಮ್ಮ ಕಡೆಯವರು ಎಲ್ಲ ಪ್ರವೇಶಕ್ಕೂ ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಪ್ರಮಾಣಪತ್ರ ಹಿಡಿದು ಹೊರಡುತ್ತಾರೆ. ಇಲ್ಲಿ ಅದನ್ನು ಕೇಳುವವರಿಲ್ಲ. ಸಭೆಯ ಶಿಫಾರಸು ಪತ್ರವೇ ಮೀಸಲಾತಿ.

ಒಂದು ವರ್ಷಕ್ಕೆ ಪದವಿ, ಎರಡಕ್ಕೆ ಡಾಕ್ಟರೇಟ್ ಎಂಬ ಮಾತಿಗೆ ಬರುತ್ತೇನೆ. ಇಲ್ಲಿ ನಾನು ಸೌಮ್ಯವಾಗಿ ಬರೆಯಲಾರೆ. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ಶಾಸನದಿಂದ ಸ್ಥಾಪಿತವಾದ ಅಥವಾ ಪರಿಗಣಿತ ವಿಶ್ವವಿದ್ಯಾಲಯಗಳಿಗೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. 23ನೇ ಕಲಮು ಕಂಡಕಂಡವರು ಬೋರ್ಡಿನ ಮೇಲೆ ‘ಯೂನಿವರ್ಸಿಟಿ’ ಎಂದು ಬರೆಸಿಕೊಳ್ಳುವುದನ್ನೇ ತಡೆಯುತ್ತದೆ. ಸಭೆಯೊಂದು ತನ್ನ ಸೇವಕರಿಗೆ ಒಂದು ವರ್ಷದ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಟ್ಟರೆ ಅದರಲ್ಲಿ ತಪ್ಪಿಲ್ಲ, ಒಳ್ಳೆಯದೇ. ಆದರೆ ಕಲ್ಯಾಣಮಂಟಪದಲ್ಲಿ ಮಧ್ಯಾಹ್ನದ ಬಿರಿಯಾನಿಗೆ ಮೊದಲು ಕಪ್ಪು ಗೌನು ತೊಡಿಸಿ, ಶಾಲು ಹೊದಿಸಿ, ಇಪ್ಪತ್ತು ಜನರಿಗೆ ಒಟ್ಟಿಗೆ ಡಾಕ್ಟರೇಟ್ ಹಂಚುವ ಸಮಾರಂಭ ನೋಡಿದ್ದೇನೆ. ಪಕ್ಕದಲ್ಲಿ ಕುಳಿತಿದ್ದವರನ್ನು ಪ್ರಬಂಧದ ವಿಷಯ ಯಾವುದು ಎಂದು ಕೇಳಿದೆ. "ಸೇವೆ" ಎಂದರು. ಮರುದಿನ ಅವರ ಮನೆಯ ಮುಂದೆ ‘ಡಾ.’ ಎಂಬ ಹೊಸ ಬೋರ್ಡು. ಆ ದುಡ್ಡಿನಲ್ಲಿ ಒಂದು ಕಪಾಟು ತುಂಬ ಒಳ್ಳೆಯ ಪುಸ್ತಕ ಬರುತ್ತಿತ್ತು.

ಮಂಗಳೂರೋ ಬೆಂಗಳೂರೋ? ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದು, ದೊಡ್ಡ ಹೆಸರು, ದೊಡ್ಡ ಗ್ರಂಥಾಲಯ. ಆದರೆ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಈ ರೂಪದಲ್ಲಿ ಶುರುವಾದದ್ದು 1965ರಲ್ಲಿ, ಬೇರು ಮಾತ್ರ ಹತ್ತೊಂಬತ್ತನೆಯ ಶತಮಾನದ ಬಾಸೆಲ್ ಮಿಷನ್ನಿಗೆ ಹೋಗುತ್ತದೆ. ಅಲ್ಲಿ ಕನ್ನಡದಲ್ಲಿ ಬಿ.ಡಿ. ಓದುವ ಅವಕಾಶವಿದೆ. ನನ್ನ ಮತ ಅದಕ್ಕೇ. ಇಂಗ್ಲಿಷ್ ಬಾರದ್ದು ಮಾತ್ರ ಕಾರಣವಲ್ಲ. ನಾಳೆ ಅವಳು ಪ್ರಸಂಗ ಮಾಡಬೇಕಾದ್ದು ಕಾರಟಗಿಯಲ್ಲೋ ಮಾನ್ವಿಯಲ್ಲೋ, ಭತ್ತ ನಾಟಿ ಮಾಡಿ ಬಂದು ಸೊಂಟ ಹಿಡಿದುಕೊಂಡು ಕುಳಿತ ಹೆಂಗಸರ ಮುಂದೆ. ಇಂಗ್ಲಿಷಿನಲ್ಲಿ ನಾಲ್ಕು ವರ್ಷ ಯೋಚಿಸಿ ಬಂದ ಹುಡುಗರು ಆ ಹೆಂಗಸರ ಮುಂದೆ ಮಾತಿಗೆ ತಡವರಿಸುವುದನ್ನು ಕಂಡಿದ್ದೇನೆ. (ಮನೆಮಾತು ತೆಲುಗಾಗಿ ಓದುಬರಹವೂ ಅದರಲ್ಲೇ ನಡೆದ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಹುಡುಗರಿಗೆ ಹೈದರಾಬಾದಿನ ಆಂಧ್ರ ಕ್ರಿಶ್ಚಿಯನ್ ಥಿಯಾಲಾಜಿಕಲ್ ಕಾಲೇಜು ಹತ್ತಿರ.)

ಏನು ಕಲಿಸುತ್ತಾರೆ ಎಂದು ನೀವು ಕೇಳಲಿಲ್ಲ, ಕೇಳಬೇಕಿತ್ತು. ಒಂದು ತರಗತಿಯ ಸಂಗತಿ ಹೇಳುತ್ತೇನೆ. ಯೋಹಾನನ ಸುವಾರ್ತೆಯ ಮೊದಲ ಮಾತು ನಮ್ಮ ಸತ್ಯವೇದದಲ್ಲಿ "ಆದಿಯಲ್ಲಿ ವಾಕ್ಯವಿತ್ತು" ಎಂದಿದೆ. ದೇವದುರ್ಗದ ಹುಡುಗನೊಬ್ಬ ಎದ್ದು ನಿಂತು, "ಸರ್, ವಾಕ್ಯ ಎಂದರೆ ಕರ್ತೃ, ಕರ್ಮ, ಕ್ರಿಯಾಪದ ಇರುವಂಥದ್ದಲ್ಲವೇ? ಮಾತು ಎಂದು ಏಕೆ ಹಾಕಲಿಲ್ಲ?" ಎಂದ. ಗ್ರೀಕಿನಲ್ಲಿ ಅಲ್ಲಿರುವುದು ‘ಲೋಗೊಸ್’. ಮಾತೂ ಹೌದು, ವಿವೇಕವೂ ಹೌದು, ಕೊಟ್ಟ ಲೆಕ್ಕವೂ ಹೌದು. ಮಾತು ಎಂದರೆ ತೀರ ಹಗುರವಾಯಿತು, ವಚನ ಎಂದರೆ ಬಸವಣ್ಣನವರು ಬಂದು ನಿಲ್ಲುತ್ತಾರೆ, ನುಡಿ, ವಾಕ್ಕು, ಹೀಗೆ ಕಪ್ಪುಹಲಗೆ ತುಂಬಿತು. ಎರಡು ದಿನ ಪಾಠ ಮುಂದೆ ಹೋಗಲಿಲ್ಲ. ಎರಡು ಶತಮಾನದ ಹಿಂದೆ ಬಳ್ಳಾರಿಯ ಬಿಸಿಲಿನಲ್ಲಿ ಹ್ಯಾಂಡ್ಸ್ ಮತ್ತು ಅವರ ಜೊತೆಗಿದ್ದ ಕನ್ನಡಿಗರು ಇದೇ ಪದದ ಮುಂದೆ ತಲೆಕೆರೆದುಕೊಂಡಿರಲೇಬೇಕು. ಆ ಹುಡುಗ ಈಗ ಒಳ್ಳೆಯ ಪ್ರಸಂಗಿ. ಕೇಳುವವರಿಗೆ ಅರ್ಥವಾಗದ ಪದ ಅವನ ಬಾಯಿಂದ ಬರುವುದಿಲ್ಲ.

ಮೊದಲ ವರ್ಷದಲ್ಲಿ ಒಂದು ಆಘಾತ ಕಾದಿರುತ್ತದೆ, ಈಗಲೇ ತಿಳಿಸಿಬಿಡಿ. ಬೈಬಲಿನ ಆರಂಭದಲ್ಲಿರುವ ಮೋಶೆಯ ಐದು ಪುಸ್ತಕಗಳನ್ನು ಮೋಶೆಯೇ ಬರೆದನೇ, ನಾಲ್ಕು ಸುವಾರ್ತೆಗಳು ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ಏಕೆ ಹೇಳುತ್ತವೆ ಎಂಬ ಪ್ರಶ್ನೆಗಳನ್ನು ಶ್ರೀರಾಂಪುರ ಕಾಲೇಜುಗಳಲ್ಲಿ ಬಿಚ್ಚಿ ಚರ್ಚಿಸುತ್ತಾರೆ. ಸ್ವತಂತ್ರ ಸಭೆಯಿಂದ ಬಂದವರು ಕೆಲವರು ರಾತ್ರಿ ಹಾಸ್ಟೆಲಿನಲ್ಲಿ ಅತ್ತದ್ದೂ ಇದೆ. ದಲಿತ ದೈವಶಾಸ್ತ್ರವನ್ನೂ ಓದಬೇಕು. 1980ರ ದಶಕದಲ್ಲಿ ಅರವಿಂದ ನಿರ್ಮಲ್ ಮುಂತಾದವರು ಎತ್ತಿದ ವಿಚಾರ, ಸಭೆಯಲ್ಲಿ ಕುಳಿತವರಲ್ಲಿ ಬಹುಪಾಲು ಕೇರಿಯಿಂದ ಬಂದವರಾಗಿದ್ದರೂ ಪ್ರಸಂಗದಲ್ಲಿ ಕೇರಿ ಏಕೆ ಇಲ್ಲ ಎಂಬ ಪ್ರಶ್ನೆ. ನಮ್ಮ ರಾಯಚೂರು-ಕೊಪ್ಪಳದಲ್ಲಿ ಈ ಪಾಠ ಪುಸ್ತಕದೊಳಗೆ ಉಳಿಯುವುದಿಲ್ಲ, ಮನೆಗೇ ಬರುತ್ತದೆ. ಇನ್ನು ಆಸ್ಪತ್ರೆಗೆ ಕಳಿಸುತ್ತಾರೆ. ಹೊಸಬರು ಹಾಸಿಗೆಯ ಪಕ್ಕ ನಿಂತು ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡುತ್ತಾರೆ. ಸ್ಟೂಲು ಎಳೆದುಕೊಂಡು ಸುಮ್ಮನೆ ಕೂರುವುದನ್ನು ಕಲಿಯಲು ಅರ್ಧ ವರ್ಷ ಹಿಡಿಯುತ್ತದೆ.

ನಿಮ್ಮ ತಂಗಿಗೆ ನನ್ನ ಸಲಹೆ: ಈ ವರ್ಷ ಯಾವ ಬೈಬಲ್ ಕಾಲೇಜಿಗೂ ಸೇರಿಸಬೇಡಿ. ಸೋದರತ್ತೆಯ ಮನೆಯಲ್ಲಿ ಒಂದು ವರ್ಷ ಇರಲಿ. ಅಲ್ಲಿನ ಸಭೆಗೆ ಹೋಗಲಿ, ಮಕ್ಕಳಿಗೆ ಭಾನುವಾರ ಶಾಲೆ ನಡೆಸಲಿ, ಹಿರಿಯರ ಕಣ್ಣಿಗೆ ಬೀಳಲಿ. ಪಾಸ್ಟರ್ ಕೆಲಸ ಸಿಗುತ್ತದೆಂದು ಸಭೆ ಬದಲಿಸಿದರೆ ಸಮಿತಿಯವರಿಗೆ ಮೂರೇ ತಿಂಗಳಲ್ಲಿ ವಾಸನೆ ಹತ್ತುತ್ತದೆ. ಆದ್ದರಿಂದ ಅವಳು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಸ್ವತಂತ್ರ ಸಭೆಗಳಲ್ಲಿ ದೊಡ್ಡವರಾದ ಮೇಲೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ, ಸಿ.ಎಸ್.ಐ.ನಲ್ಲಿ ಎಳೆಗೂಸಿಗೂ ಕೊಡುತ್ತಾರೆ. ನಾಳೆ ತಾಯಿಯೊಬ್ಬಳು ಮಗುವನ್ನು ಮುಂದೆ ಹಿಡಿದಾಗ ಮನಸ್ಸಿನಲ್ಲಿ ಅಳುಕಿಲ್ಲದೆ ಅದರ ತಲೆಗೆ ನೀರು ಹಾಕಬಲ್ಲಳೇ? ಇಲ್ಲ ಎಂದಾದರೆ ಬಲ್ಮಠದ ಓದಿಗಿಂತ ಅವಳ ನಂಬಿಕೆಗೆ ಹೊಂದುವ ಪಂಥದ ಕಾಲೇಜೇ ಸರಿ. ಆಗ ಮಾತ್ರ ಪದವಿಯ ಹೆಸರು ಬಿಟ್ಟು ಪಾಠ ಮಾಡುವವರು ಯಾರು, ಗ್ರಂಥಾಲಯ ಇದೆಯೇ, ಅಲ್ಲಿ ಓದಿದ ಹುಡುಗಿಯರು ಈಗ ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿ.

ಆ ಒಂದು ವರ್ಷ ಓದೂ ನಿಲ್ಲಬೇಕಾಗಿಲ್ಲ. ಬೆಂಗಳೂರಿನ ಟಾಫ್ಟಿ ಸಂಸ್ಥೆ 1971ರಿಂದ ಮನೆಯಲ್ಲಿದ್ದುಕೊಂಡೇ ದೈವಶಾಸ್ತ್ರ ಓದುವವರಿಗೆ ಪಾಠ ಕಳಿಸುತ್ತಿದೆ. ಶ್ರೀರಾಂಪುರ ಸೆನೆಟ್‌ಗೂ ಬಾಹ್ಯ ವಿದ್ಯಾರ್ಥಿಗಳ ಕೋರ್ಸುಗಳಿವೆ. ಇವುಗಳಿಂದ ದೀಕ್ಷೆ ಸಿಗುವುದಿಲ್ಲ, ಆದರೆ ಸಂಜೆ ಕೆಲಸ ಮುಗಿಸಿ ಪುಸ್ತಕ ಹಿಡಿದು ಕೂರುವ ಚಾಳಿ ಅವಳಿಗೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಬಳ್ಳಾರಿಯಲ್ಲೇ ಬಿ.ಇಡಿ. ಸೀಟು ಸಿಕ್ಕರೆ ಅದನ್ನು ಮೊದಲು ಮುಗಿಸಲಿ ಎಂದೂ ನಾನು ಹೇಳುತ್ತೇನೆ, ಅವಳು ಮುನಿಸಿಕೊಂಡರೂ ಸರಿ. ಹಳ್ಳಿಯ ಸಭೆಯ ಸಂಬಳ ಸಣ್ಣದು. ಪಾಠ ಹೇಳಲು ಬರುವ ಪಾಸ್ಟರಮ್ಮ ಊರಿಗೂ ಬೇಕಾಗುತ್ತಾಳೆ.

ಮಂಗಳೂರಿಗೆ ಹೋಗುವುದೇ ಆದರೆ ಊಟದ್ದೊಂದು ಕಷ್ಟ. ನಮ್ಮ ಕಡೆಯ ಮಕ್ಕಳಿಗೆ ಅಲ್ಲಿನ ಕುಚ್ಚಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ. ದಸರಾ ರಜೆ ಮುಗಿಸಿ ಬರುವಾಗ ಒಬ್ಬೊಬ್ಬರ ಚೀಲದಲ್ಲೂ ಕಟಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ವಾರದೊಳಗೆ ಕರಾವಳಿಯ ಹುಡುಗರೇ ಅದನ್ನು ಖಾಲಿ ಮಾಡುತ್ತಿದ್ದರು.

ಇನ್ನು ಕಾಗದಪತ್ರ. ತರಗತಿಗಳು ಜೂನ್ ಹೊತ್ತಿಗೆ ಶುರುವಾಗುತ್ತವೆ; ಸಭೆಯ ಆಯ್ಕೆ ಅದಕ್ಕೆ ಬಹಳ ಮೊದಲೇ ಮುಗಿದಿರುತ್ತದೆ, ಹಾಗಾಗಿ ಬರುವ ವರ್ಷಕ್ಕೆ ಈ ದೀಪಾವಳಿಯಿಂದಲೇ ವಿಚಾರಿಸಲು ತೊಡಗಿ. ಅಂಕಪಟ್ಟಿಗಳ ಜೊತೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳುತ್ತಾರೆ. ಸ್ವತಂತ್ರ ಸಭೆಗಳಲ್ಲಿ ಎಷ್ಟೋ ಕಡೆ ಕಾಲುವೆಯಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ, ಕಾಗದ ಕೊಡುವುದಿಲ್ಲ. ನಿಮ್ಮ ತಂಗಿಗೆ ಕೊಟ್ಟಿಲ್ಲವಾದರೆ, ಬೇರೆ ಕಾಲೇಜಿನ ಸುದ್ದಿ ಪಾಸ್ಟರರ ಕಿವಿಗೆ ಬೀಳುವ ಮೊದಲು, ಈ ಭಾನುವಾರವೇ ತಾರೀಕು ಹಾಕಿಸಿ ಸಹಿ ಮಾಡಿಸಿಕೊಳ್ಳಿ.